ಸಲಹೆ ಪುಕ್ಕಟೆ ಸಿಕ್ಕರೂ ಸಣ್ಣ ಉದ್ಯಮದ ಲಾಭ ಯಾಕೆ ಏರುವುದಿಲ್ಲ?

ಸಣ್ಣ ವ್ಯಾಪಾರಿಗಳಿಗೆಂದೇ ಎಐ ಸಲಹೆಗಾರ ಬಂದಿದೆ ಎಂಬ ಸುದ್ದಿ ಈಗ ಆಗಾಗ ಕಣ್ಣಿಗೆ ಬೀಳುತ್ತದೆ. ಬೆಲೆ ಎಷ್ಟಿಡಬೇಕು, ಸರಕು ಎಷ್ಟು ತರಿಸಬೇಕು, ಇನ್ನೊಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾ ಬೇಡವಾ, ಎಲ್ಲವನ್ನೂ ಫೋನನ್ನೇ ಕೇಳಬಹುದು. ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಪಡೆಯುತ್ತಿದ್ದ ಸಲಹೆ ಇನ್ನು ಎಲ್ಲರಿಗೂ ಸಿಗುತ್ತದೆ ಎಂಬುದು ಭರವಸೆ.

ಇದೇ ಹೊತ್ತಿಗೆ ಕೆನ್ಯಾದಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ ಹಲವರನ್ನು ಗೊಂದಲಕ್ಕೆ ಬೀಳಿಸಿದೆ. ಅಲ್ಲಿ 640 ಸಣ್ಣ ಉದ್ಯಮಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾಟ್ಸ್‌ಆ್ಯಪ್‌ನಲ್ಲೇ ಮಾತಾಡುವ, ಜಿಪಿಟಿ-4 ಎಂಬ ಎಐ ಮಾದರಿ ಆಧಾರಿತ ಸಲಹೆಗಾರ ಸಿಕ್ಕಿತು. ಇನ್ನೊಂದು ಗುಂಪಿಗೆ ಸಾಮಾನ್ಯ ವ್ಯಾಪಾರ ಕೈಪಿಡಿ. ಪ್ರಯೋಗ ಐದು ತಿಂಗಳು ನಡೆಯಿತು. ಸರಾಸರಿ ನೋಡಿದರೆ ವ್ಯಾಪಾರದ ಗಳಿಕೆಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಸರಾಸರಿಯೊಳಗೆ ಎರಡು ಬೇರೆ ಕಥೆಗಳು ಅಡಗಿದ್ದವು. ಮೊದಲೇ ಚೆನ್ನಾಗಿ ವ್ಯಾಪಾರ ಮಾಡುತ್ತಿದ್ದವರಿಗೆ ಶೇ 15ಕ್ಕಿಂತ ಸ್ವಲ್ಪ ಜಾಸ್ತಿ ಅನುಕೂಲವಾಯಿತು. ಮೊದಲೇ ಹಿಂದುಳಿದಿದ್ದವರು ಸುಮಾರು ಶೇ 8ರಷ್ಟು ಇನ್ನೂ ಹಿಂದಕ್ಕೆ ಹೋದರು.

ಸಲಹೆ ಕೇಳದೇ ಸೋತರು ಎನ್ನೋಣವೆಂದರೆ ಅದೂ ಅಲ್ಲ. ಎರಡೂ ಬಗೆಯವರು ಸಲಹೆ ಕೇಳಿದ್ದರು. ಅದೇ ಸಲಹೆಗಾರ ಒಬ್ಬರನ್ನು ಮೇಲೆತ್ತಿ, ಇನ್ನೊಬ್ಬರನ್ನು ಕೆಳಗೆ ತಳ್ಳಿದ್ದು ಹೇಗೆ? ಇದು ತಿಳಿಯಬೇಕಾದರೆ ಎಐ ವಿಷಯವನ್ನು ಸ್ವಲ್ಪ ಬದಿಗಿಟ್ಟು, ಸಣ್ಣ ಉದ್ಯಮದ ಮಾಲೀಕರು ನಿರ್ಧಾರ ಮಾಡುವುದು ಹೇಗೆ ಎಂಬುದನ್ನು ನೋಡಬೇಕು.

ಎಲ್ಲ ಇಲಾಖೆಗೂ ಒಂದೇ ತಲೆ

ದೊಡ್ಡ ಕಂಪನಿಯಲ್ಲಿ ಖರೀದಿಗೆ ಒಬ್ಬರು, ಲೆಕ್ಕಕ್ಕೆ ಒಬ್ಬರು, ಮಾರಾಟಕ್ಕೆ ಇನ್ನೊಬ್ಬರು ಇರುತ್ತಾರೆ. ಒಬ್ಬರು ಮರೆತದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಇಬ್ಬರು ಮೂವರು ದುಡಿಯುವ ಉದ್ಯಮದಲ್ಲಿ ಈ ಎಲ್ಲ ಕೆಲಸವೂ ಒಬ್ಬರದ್ದೇ. ಸರಕು ಇಳಿಸಿಕೊಳ್ಳುತ್ತಲೇ ಗಿರಾಕಿಗೆ ಬೆಲೆ ಹೇಳಬೇಕು, ಅದರ ನಡುವೆ ಬಾಕಿದಾರರ ಫೋನ್ ಎತ್ತಬೇಕು. ಕೂತು ಯೋಚಿಸಲು ಅಂತ ಬೇರೆ ಹೊತ್ತು ಇರುವುದಿಲ್ಲ.

ಇದು ಮೂಲೆಯಲ್ಲಿರುವ ಕೆಲವೇ ಜನರ ಕಥೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 99 ದೇಶಗಳ ಅಂಕಿ-ಅಂಶ ಸೇರಿಸಿ ನೋಡಿದಾಗ, ದುಡಿಯುವ ಹತ್ತು ಜನರಲ್ಲಿ ಏಳು ಜನ ಸ್ವಂತ ದುಡಿಮೆ ಅಥವಾ ಸಣ್ಣಪುಟ್ಟ ಉದ್ಯಮಗಳಲ್ಲೇ ಇದ್ದರು.

ಮನುಷ್ಯರು ಎಲ್ಲ ಆಯ್ಕೆಗಳನ್ನೂ ತೂಗಿ ಅತ್ಯುತ್ತಮವಾದದ್ದನ್ನೇ ಆರಿಸುತ್ತಾರೆ ಎಂದು ಹಳೆಯ ಅರ್ಥಶಾಸ್ತ್ರ ನಂಬಿತ್ತು. 1978ರ ಅರ್ಥಶಾಸ್ತ್ರ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಇದನ್ನು ಒಪ್ಪಲಿಲ್ಲ. ಮಾಹಿತಿ, ಸಮಯ, ಲೆಕ್ಕ ಹಾಕುವ ಶಕ್ತಿ ಮೂರಕ್ಕೂ ಮಿತಿ ಇದೆ. ಹಾಗಾಗಿ ಜನ ‘ಇಷ್ಟಾದರೆ ಸಾಕು’ ಎನ್ನುವಂಥ ಆಯ್ಕೆ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತಾರೆ ಎಂದು ಅವರು ವಾದಿಸಿದರು. ಸಣ್ಣ ಉದ್ಯಮದ ಮಾಲೀಕರಿಗೆ ಈ ಮಾತು ಎಲ್ಲರಿಗಿಂತ ಚೆನ್ನಾಗಿ ಒಪ್ಪುತ್ತದೆ. ಹೋದ ತಿಂಗಳು ತರಿಸಿದಷ್ಟೇ ಸರಕನ್ನು ಈ ತಿಂಗಳೂ ತರಿಸುವುದು ಸೋಮಾರಿತನವಲ್ಲ. ಇದ್ದಬದ್ದ ಗಮನವನ್ನು ಬೇರೆ ತುರ್ತಿಗೆ ಉಳಿಸಿಕೊಳ್ಳುವ ದಾರಿ ಅದು.

‘ಚಿಲ್ಲರೆ ಇಲ್ಲ’ ಎಂದಾಗ ಆಗುವ ನಷ್ಟ

ಗಮನ ಅಷ್ಟೊಂದು ದುಬಾರಿಯೇ ಎಂಬ ಅನುಮಾನ ಬರಬಹುದು. ಕೆನ್ಯಾದಲ್ಲೇ ನಡೆದು 2014ರಲ್ಲಿ ಪ್ರಕಟವಾದ ಹಳೆಯ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಉತ್ತರ. ಸಂಶೋಧಕರು ನೋಡಿದ್ದು ತೀರಾ ಸಣ್ಣ ಸಂಗತಿಯನ್ನು. ಗಿರಾಕಿ ದೊಡ್ಡ ನೋಟು ಕೊಟ್ಟಾಗ ಅಂಗಡಿಯಲ್ಲಿ ಚಿಲ್ಲರೆ ಇರುತ್ತದೆಯಾ?

ಇರುತ್ತಿರಲಿಲ್ಲ. ಮಾಲೀಕರು ಚಿಲ್ಲರೆ ತರಲು ಅಂಗಡಿ ಬಿಟ್ಟು ಓಡುತ್ತಿದ್ದರು, ಇಲ್ಲವೇ ಗಿರಾಕಿಯೇ ಹೊರಟು ಹೋಗುತ್ತಿದ್ದರು. ಹೀಗೆ ಕೈತಪ್ಪುತ್ತಿದ್ದ ಮೊತ್ತ ಒಟ್ಟು ಲಾಭದ ಸುಮಾರು ಶೇ 5ರಿಂದ 8. ಬೆಳಿಗ್ಗೆ ಸ್ವಲ್ಪ ಚಿಲ್ಲರೆ ಜೋಡಿಸಿಟ್ಟುಕೊಂಡರೆ ಮುಗಿಯಿತು. ಇದಕ್ಕೆ ಸಾಲ ಬೇಡ, ತರಬೇತಿಯೂ ಬೇಡ.

ಸಂಶೋಧಕರು ಒಂದಷ್ಟು ಅಂಗಡಿಗಳಿಗೆ ವಾರವಾರವೂ ಹೋಗಿ ಚಿಲ್ಲರೆ ಬಗ್ಗೆ ಸುಮ್ನೆ ಪ್ರಶ್ನೆ ಕೇಳಿದರು. ಇನ್ನು ಕೆಲವರಿಗೆ ಎಷ್ಟು ವ್ಯಾಪಾರ ಕೈತಪ್ಪುತ್ತಿದೆ ಎಂದು ನೇರವಾಗಿ ಹೇಳಿದರು. ಎರಡೂ ಕಡೆ ಕೈತಪ್ಪುವ ವ್ಯಾಪಾರ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಇಲ್ಲಿ ಗಮನಿಸಬೇಕಾದದ್ದು ಮೊದಲ ಗುಂಪನ್ನು. ಅವರಿಗೆ ಹೊಸ ವಿದ್ಯೆಯನ್ನೇನೂ ಹೇಳಿಕೊಟ್ಟಿರಲಿಲ್ಲ. ಪ್ರಶ್ನೆ ಕೇಳಿದ್ದೇ ಸಾಕಾಯಿತು. ಸಮಸ್ಯೆ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಅದರ ಕಡೆ ತಲೆ ಹೋಗಿರಲಿಲ್ಲ ಅಷ್ಟೆ.

ಮನೆಯ ಹಣ ಎಲ್ಲಿ ಮುಗಿಯುತ್ತದೆ, ಅಂಗಡಿಯ ಹಣ ಎಲ್ಲಿ ಶುರುವಾಗುತ್ತದೆ

ಗಮನದಷ್ಟೇ ಮುಖ್ಯವಾದ ಎರಡನೇ ಸಂಗತಿ ಹಣದ ಡಬ್ಬಿ. ಕಂಪನಿಯೊಂದು ನಷ್ಟ ಮಾಡಿಕೊಂಡರೆ ಷೇರುದಾರರ ಮನೆಯಲ್ಲಿ ಅಡುಗೆ ನಿಲ್ಲುವುದಿಲ್ಲ. ಸಣ್ಣ ಉದ್ಯಮದಲ್ಲಿ ಮನೆಗೂ ವ್ಯಾಪಾರಕ್ಕೂ ಗಲ್ಲಾಪೆಟ್ಟಿಗೆ ಒಂದೇ. ಮಗುವಿನ ಫೀಸು, ಆಸ್ಪತ್ರೆ ಖರ್ಚು, ಸರಕಿನ ಹಣ, ಬಾಡಿಗೆ ಎಲ್ಲವೂ ಅಲ್ಲಿಂದಲೇ ಹೋಗಬೇಕು. ಹಾಗಾಗಿ ‘ವ್ಯಾಪಾರದ ನಿರ್ಧಾರ’ ಎಂದು ನಾವು ಕರೆಯುವುದು ಹೆಚ್ಚಿನ ಸಲ ಇಡೀ ಸಂಸಾರದ ನಿರ್ಧಾರವಾಗಿರುತ್ತದೆ.

ಇದನ್ನು ಮರೆತರೆ ಲೆಕ್ಕ ಹೇಗೆ ದಾರಿ ತಪ್ಪುತ್ತದೆ ಎಂಬುದಕ್ಕೆ ಶ್ರೀಲಂಕಾದ ಒಂದು ಪ್ರಸಿದ್ಧ ಪ್ರಯೋಗವಿದೆ. ಅಲ್ಲಿನ ಪುಟ್ಟ ಉದ್ಯಮಗಳಿಗೆ 100 ಅಥವಾ 200 ಡಾಲರ್ ಬೆಲೆಯ ನೆರವು ಕೊಡಲಾಯಿತು. ಆ ಬಂಡವಾಳ ತಂದ ಪ್ರತಿಫಲ ತಿಂಗಳಿಗೆ ಶೇ 5ರ ಆಸುಪಾಸು. ಬ್ಯಾಂಕಿನ ಬಡ್ಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಇಷ್ಟು ಲಾಭವಿದ್ದರೆ ಇವರು ತಾವಾಗಿಯೇ ಉಳಿಸಿ ಬಂಡವಾಳ ಹಾಕಬೇಕಿತ್ತಲ್ಲ? ಜೊತೆಗೆ ಇನ್ನೊಂದು ಒಗಟು. ಈ ಪ್ರತಿಫಲ ಗಂಡಸರ ಉದ್ಯಮಗಳಲ್ಲಿ ಮಾತ್ರ ಕಂಡಿತು, ಹೆಂಗಸರ ಉದ್ಯಮಗಳಲ್ಲಿ ಸರಾಸರಿ ಶೂನ್ಯ.

ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಎಂದು ಆತುರದಲ್ಲಿ ಷರಾ ಬರೆಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ. 2019ರಲ್ಲಿ ಬೇರೆ ಸಂಶೋಧಕರು ಭಾರತ, ಶ್ರೀಲಂಕಾ, ಘಾನಾದ ಪ್ರಯೋಗಗಳ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಈ ಸಲ ಲೆಕ್ಕ ಹಾಕಿದ್ದು ಉದ್ಯಮಕ್ಕಲ್ಲ, ಇಡೀ ಮನೆಗೆ. ಆಗ ಆ ಅಂತರವೇ ಉಳಿಯಲಿಲ್ಲ. ಹೆಂಡತಿಗೆ ಬಂದ ಹಣ ಬಹುತೇಕ ಗಂಡನ ಉದ್ಯಮಕ್ಕೆ ಹೋಗಿತ್ತು, ಅಲ್ಲಿ ದುಡಿಯುತ್ತಿತ್ತು. ಒಬ್ಬರ ಅಂಗಡಿಯ ಪುಸ್ತಕ ಮಾತ್ರ ನೋಡಿದವರಿಗೆ ಅದು ನಷ್ಟದಂತೆ ಕಂಡಿತ್ತು. ಹೆಂಡತಿ ಬಯಸಿ ಕೊಟ್ಟರಾ, ಕೊಡಲೇಬೇಕಾಯಿತಾ ಎಂಬುದು ಬೇರೆ ಪ್ರಶ್ನೆ. ಸಣ್ಣ ಪ್ರಶ್ನೆಯಂತೂ ಅಲ್ಲ.

ಅಪಾಯದ ಲೆಕ್ಕವೂ ಇದೇ ಡಬ್ಬಿಯಿಂದ ಬರುತ್ತದೆ. ಹತ್ತರಲ್ಲಿ ಏಳು ಸಲ ಗೆಲ್ಲುವ ಒಂದು ಹೂಡಿಕೆ ಇದೆ ಎಂದುಕೊಳ್ಳಿ. ದೊಡ್ಡ ಕಂಪನಿ ಅಂಥ ಹತ್ತು ಕಡೆ ಹಣ ಹಾಕುತ್ತದೆ. ಮೂರು ಮುಳುಗಿದರೂ ಏಳು ದಡ ಸೇರಿಸುತ್ತವೆ. ಸಣ್ಣ ಮಾಲೀಕರಿಗೆ ಹಾಕಲು ಇರುವುದು ಒಂದೇ ಕಡೆಗಾಗುವಷ್ಟು ಹಣ. ಅದು ಸೋಲುವ ಮೂರರಲ್ಲಿ ಒಂದಾದರೆ ಮುಂದಿನ ತಿಂಗಳ ಬಾಡಿಗೆಯೇ ಇಲ್ಲ. ಹಾಗಾಗಿ ಅವರು ಎಷ್ಟು ಗೆಲ್ಲಬಹುದು ಎಂಬುದಕ್ಕಿಂತ ಮೊದಲು ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು ಎಂದು ಕೇಳಿಕೊಳ್ಳುತ್ತಾರೆ. ನುರಿತ ಉದ್ಯಮಿಗಳು ಯೋಚಿಸುವ ರೀತಿಯ ಬಗ್ಗೆ ಸಾರಸ್ ಸರಸ್ವತಿ 2001ರಲ್ಲಿ ಮಂಡಿಸಿದ ಸಿದ್ಧಾಂತದಲ್ಲೂ ಈ ಪ್ರಶ್ನೆಗೆ ಮುಖ್ಯ ಜಾಗವಿದೆ. ಅಂದರೆ ಇದು ಬಡವರ ಹೆದರಿಕೆ ಮಾತ್ರವಲ್ಲ.

ತಡೆದುಕೊಳ್ಳುವ ಶಕ್ತಿ ಶ್ರೀಮಂತ ದೇಶಗಳಲ್ಲೂ ಕಮ್ಮಿಯೇ. ಅಮೆರಿಕದ ಸುಮಾರು ಆರು ಲಕ್ಷ ಸಣ್ಣ ಉದ್ಯಮಗಳ ಬ್ಯಾಂಕ್ ಖಾತೆಗಳನ್ನು 2016ರಲ್ಲಿ ಜೆಪಿ ಮಾರ್ಗನ್ ಚೇಸ್ ಸಂಸ್ಥೆಯ ಸಂಶೋಧಕರು ನೋಡಿದರು. ಒಂದು ಪೈಸೆಯೂ ಒಳಬರದೇ ಹೋದರೆ ಕೈಯಲ್ಲಿರುವ ಹಣದಲ್ಲಿ ಆ ಸಾಲಿನ ನಟ್ಟನಡುವೆ ನಿಲ್ಲುವ ಉದ್ಯಮವೊಂದು 27 ದಿನ ಖರ್ಚು ತೂಗಿಸಬಹುದಿತ್ತು. ಒಂದು ತಿಂಗಳೂ ಇಲ್ಲ.

ಸಂಬಂಧವನ್ನೂ ಲೆಕ್ಕಕ್ಕೆ ಸೇರಿಸಬೇಕು

ಉದ್ರಿ ಕೊಡುವುದನ್ನೇ ನೋಡಿ. ಹಣ ಬರುವುದು ತಡ, ವಸೂಲಿ ಕಷ್ಟ, ಕೆಲವು ಸಲ ಬರುವುದೇ ಇಲ್ಲ. ಕಾಗದದ ಮೇಲೆ ಇದು ಕೆಟ್ಟ ನಿರ್ಧಾರ. ಆದರೆ ಉದ್ರಿ ಕೊಡದವರ ಬಳಿಯಿಂದ ಗಿರಾಕಿ ಪಕ್ಕದವರ ಬಳಿಗೆ ಹೋಗುತ್ತಾರೆ. ಬಾಕಿ ಇರುವವರೆಗೂ ಅವರು ಇಲ್ಲಿಗೇ ಬರುತ್ತಾರೆ. ಉದ್ರಿ ಒಂದು ಬಗೆಯಲ್ಲಿ ಜಾಹೀರಾತಿನ ಖರ್ಚು.

ಮೇಲಿನ ಕಡೆಯಿಂದಲೂ ಇದೇ ಒತ್ತಡ. ದೊಡ್ಡ ಕಂಪನಿಗೆ ಮಾಲು ಕೊಟ್ಟ ಸಣ್ಣ ಘಟಕ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತದೆ. ಭಾರತದ 2006ರ ಕಾನೂನು ಗರಿಷ್ಠ 45 ದಿನ ಎನ್ನುತ್ತದೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಸಾಮಾನ್ಯವಾಗಿ 60 ದಿನ ಎನ್ನುತ್ತದೆ. ಆದರೂ ದೂರು ಕೊಡಲು ಹಿಂಜರಿಯುತ್ತಾರೆ. ಕಾರಣ ಸರಳ. ಬಾಕಿ ಉಳಿಸಿಕೊಂಡವರೇ ಮುಂದಿನ ಆರ್ಡರ್ ಕೊಡಬೇಕಾದವರೂ ಹೌದು.

ಹಾಗಾದರೆ ಕೊರತೆ ಯಾವುದರದ್ದು?

ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ.

ಕೊರತೆ ತಿಳಿವಳಿಕೆಯದ್ದು ಎನ್ನುವವರು ಒಂದು ಕಡೆ. ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು, ಮಾರಾಟ ಮಾಡುವುದು ಕಲಿಸಿದರೆ ಉದ್ಯಮ ಸುಧಾರಿಸುತ್ತದೆ ಎಂಬುದು ಇವರ ವಾದ. ಜಗತ್ತಿನ ತುಂಬ ಸರ್ಕಾರಗಳು ತರಬೇತಿಗೆ ಹಣ ಸುರಿಯುವುದು ಈ ನಂಬಿಕೆಯಿಂದಲೇ. ವಾದ ಪೂರ್ತಿ ಸುಳ್ಳೂ ಅಲ್ಲ. ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಲೆಕ್ಕ ಹಾಕಿದಾಗ, ತರಬೇತಿಯಿಂದ ಮಾರಾಟ ಸರಾಸರಿ ಶೇ 5ರ ಹತ್ತಿರ, ಲಾಭ ಶೇ 10ರ ಹತ್ತಿರ ಏರಿತ್ತು. ತರಬೇತಿ ದಂಡ ಎನ್ನುವವರಿಗೆ ಇದು ಉತ್ತರ. ಆದರೆ ಚಿಕ್ಕ ಲಾಭದಲ್ಲಿ ಶೇ 10 ಏರಿಕೆ ಎಂದರೆ ಕೈಗೆ ಬರುವುದೂ ಚಿಕ್ಕ ಮೊತ್ತವೇ.

ಇನ್ನೊಂದು ಕಡೆಯವರು ಕೊರತೆ ಹಣದ್ದು, ಮಾಲೀಕರ ಲೆಕ್ಕ ಸರಿಯಾಗಿಯೇ ಇದೆ ಎನ್ನುತ್ತಾರೆ. ಶ್ರೀಲಂಕಾದ ಅಂಕಿಗಳು ಇವರ ಕೈಬಲ.

ಇವರಿಬ್ಬರೂ ಒಪ್ಪದ ಇನ್ನೊಂದು ಮಾತಿದೆ. ಎಲ್ಲರೂ ಬೆಳೆಯಬೇಕೆಂದೇ ಉದ್ಯಮ ಶುರು ಮಾಡುತ್ತಾರೆ ಎಂದು ಯಾಕೆ ಅಂದುಕೊಳ್ಳಬೇಕು? ಅಮೆರಿಕದ ಸಣ್ಣ ಉದ್ಯಮಗಳ ಬಗ್ಗೆ 2011ರಲ್ಲಿ ಹರ್ಸ್ಟ್ ಮತ್ತು ಪಗ್ಸ್‌ಲೀ ಬರೆದ ಅಧ್ಯಯನದಲ್ಲಿ ಹೆಚ್ಚಿನವರಿಗೆ ದೊಡ್ಡದಾಗುವ ಬಯಕೆಯೇ ಇರಲಿಲ್ಲ. ಯಾರ ಕೈಕೆಳಗೂ ಇರಬಾರದು, ಹೊತ್ತು ತಮ್ಮ ಕೈಯಲ್ಲಿರಬೇಕು ಎಂಬುದೇ ಎಷ್ಟೋ ಜನರಿಗೆ ಮುಖ್ಯವಾಗಿತ್ತು. ಇಂಥವರು ಎರಡನೇ ಶಾಖೆ ತೆರೆಯದೇ ಇದ್ದರೆ ಅದನ್ನು ಸೋಲು ಎನ್ನಲಾಗದು, ಅಲ್ವಾ?

ಮೂರರಲ್ಲೂ ಸತ್ಯವಿದೆ. ಆದರೆ ಕೆನ್ಯಾದ ಎಐ ಒಗಟನ್ನು ಇವು ಬಿಡಿಸುವುದಿಲ್ಲ. ಕೊರತೆ ತಿಳಿವಳಿಕೆಯದ್ದೇ ಆಗಿದ್ದರೆ ಹಿಂದುಳಿದವರಿಗೇ ಜಾಸ್ತಿ ಲಾಭವಾಗಬೇಕಿತ್ತು. ಹಣದ್ದು ಮಾತ್ರವಾಗಿದ್ದರೆ, ಅಥವಾ ಬೆಳೆಯುವ ಬಯಕೆ ಇಲ್ಲದಿದ್ದರೆ, ಸಲಹೆಯಿಂದ ಏನೂ ಆಗಬಾರದಿತ್ತು. ಕೆಟ್ಟದ್ದಂತೂ ಆಗಬಾರದಿತ್ತು.

ಪಾಠಕ್ಕಿಂತ ಸುಲಭ ಸೂತ್ರ

ಇಲ್ಲಿ ಡೊಮಿನಿಕನ್ ಗಣರಾಜ್ಯದ ಪ್ರಯೋಗವೊಂದು ನೆರವಿಗೆ ಬರುತ್ತದೆ. 2014ರಲ್ಲಿ ಪ್ರಕಟವಾದ ಅದರಲ್ಲಿ ಸುಮಾರು 1,200 ಸಣ್ಣ ಉದ್ಯಮಿಗಳಿದ್ದರು. ಕೆಲವರಿಗೆ ಪದ್ಧತಿಯಂತೆ ಲೆಕ್ಕಶಾಸ್ತ್ರ ಕಲಿಸಿದರು. ಇನ್ನು ಕೆಲವರಿಗೆ ಬರೀ ಸೂತ್ರಗಳನ್ನು ಹೇಳಿಕೊಟ್ಟರು. ಮನೆಯ ಹಣ ಒಂದು ಡ್ರಾಯರ್‌ನಲ್ಲಿ, ವ್ಯಾಪಾರದ ಹಣ ಇನ್ನೊಂದರಲ್ಲಿ. ಇದರಿಂದ ಅದಕ್ಕೆ ತೆಗೆದರೆ ಒಂದು ಚೀಟಿ ಬರೆದಿಡಿ. ಇಂಥವು. ಪೂರ್ತಿ ಪಾಠ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸೂತ್ರ ಕಲಿತವರ ಲೆಕ್ಕ ಇಡುವ ಅಭ್ಯಾಸ ಸುಧಾರಿಸಿತು.

ಯಾಕೆ? ಪಾಠ ತಲೆಯ ಮೇಲೆ ಇನ್ನೊಂದು ಕೆಲಸ ಹೇರುತ್ತದೆ. ಸೂತ್ರ ಇರುವ ಕೆಲಸವನ್ನು ಇಳಿಸುತ್ತದೆ. ಡ್ರಾಯರ್ ಬೇರೆ ಮಾಡಿದ ಮೇಲೆ ‘ಈ ಹಣ ಯಾರದು’ ಎಂದು ದಿನವೂ ಯೋಚಿಸಬೇಕಾಗಿಲ್ಲ. ಒಂದೇ ಡಬ್ಬಿಯ ತೊಂದರೆ, ಗಮನದ ತೊಂದರೆ ಎರಡಕ್ಕೂ ಇದು ಒಟ್ಟಿಗೆ ಕೈ ಹಾಕುತ್ತದೆ.

ನೈಜೀರಿಯಾದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ್ಯಂಡರ್ಸನ್ ಮತ್ತು ಮೆಕೆಂಜಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮಾಲೀಕರಿಗೆ ಲೆಕ್ಕ ಮತ್ತು ಮಾರ್ಕೆಟಿಂಗ್ ಕಲಿಸುವುದಕ್ಕಿಂತ ಆ ಕೆಲಸ ಬಲ್ಲವರನ್ನು ಇಟ್ಟುಕೊಳ್ಳಲು ಅಥವಾ ಹೊರಗಿನವರಿಗೆ ವಹಿಸಲು ನೆರವಾಗುವುದು ಮೇಲು. ಸಲಹೆಗಾರರನ್ನು ನೇಮಿಸಿ ಕೊಟ್ಟಾಗ ಬರುವಷ್ಟೇ ಫಲ ಸುಮಾರು ಅರ್ಧ ಖರ್ಚಿನಲ್ಲಿ ಬಂತು. ಎಲ್ಲವನ್ನೂ ಮಾಲೀಕರೇ ಕಲಿಯಬೇಕು ಎಂಬ ಹಟ ಯಾಕೆ ಎಂಬುದು ಇದರ ಹಿಂದಿನ ಪ್ರಶ್ನೆ.

ದೊಡ್ಡವರಿಗೂ ಇದೇ ಮಿತಿ ಕಾಡುತ್ತದೆ. ಮುಂಬೈ ಸುತ್ತಲಿನ ಬಟ್ಟೆ ಕಾರ್ಖಾನೆಗಳಲ್ಲಿ ಹೊಸ ನಿರ್ವಹಣಾ ಪದ್ಧತಿಗಳನ್ನು ತಂದಾಗ ಮೊದಲ ವರ್ಷವೇ ಉತ್ಪಾದಕತೆ ಶೇ 17ರಷ್ಟು ಏರಿತ್ತು. ಒಂಬತ್ತು ವರ್ಷದ ನಂತರ ಹೋಗಿ ನೋಡಿದರೆ ಸುಮಾರು ಅರ್ಧದಷ್ಟು ಪದ್ಧತಿಗಳು ಬಿಟ್ಟುಹೋಗಿದ್ದವು. ಹೆಚ್ಚಾಗಿ ಕೇಳಿಬಂದ ಕಾರಣಗಳು ಎರಡು. ಮ್ಯಾನೇಜರ್‌ಗಳು ಬದಲಾದದ್ದು ಒಂದು, ನಿರ್ದೇಶಕರಿಗೆ ಸಮಯ ಸಿಗದದ್ದು ಇನ್ನೊಂದು. ನೂರಾರು ಕೆಲಸಗಾರರಿದ್ದ ಕಡೆಯೇ ಹೀಗೆ.

ಟೋಗೋದ ಪ್ರಯೋಗ ಮಾತ್ರ ಈ ಸಾಲಿಗೆ ಅಷ್ಟು ಸಲೀಸಾಗಿ ಕೂರುವುದಿಲ್ಲ. ಅಲ್ಲಿ 1,500 ಪುಟ್ಟ ಉದ್ಯಮಗಳಲ್ಲಿ ಕೆಲವಕ್ಕೆ ವ್ಯಾಪಾರದ ಪಾಠದ ಬದಲು ಮುನ್ನುಗ್ಗುವ ಮನೋಭಾವದ ತರಬೇತಿ ಕೊಟ್ಟರು. ತಾನಾಗಿ ಹೊಸದನ್ನು ಹುಡುಕುವುದು, ಎಡವಿದರೂ ಬಿಡದಿರುವುದು, ಇಂಥವು. ಅವರ ಲಾಭ ಶೇ 30 ಏರಿತು. ಸಾಮಾನ್ಯ ತರಬೇತಿ ಪಡೆದವರದ್ದು ಶೇ 11. ಆ 11 ಕೂಡ ಖಚಿತವಾಗಿ ಹೇಳುವಷ್ಟು ಗಟ್ಟಿಯಾಗಿರಲಿಲ್ಲ. ಇಲ್ಲಿ ಬದಲಾದದ್ದು ಮಾಲೀಕರ ಕೆಲಸದ ಹೊರೆಯಲ್ಲ, ಅವರ ಕಣ್ಣು ಹೋಗುವ ದಿಕ್ಕು. ಅಷ್ಟರಮಟ್ಟಿಗೆ ಇದೂ ಗಮನದ ಕಥೆಯೇ ಎನ್ನಬಹುದು. ಆದರೆ ಎಲ್ಲವೂ ಹೊರೆ ಇಳಿಸುವುದರಲ್ಲೇ ಇದೆ ಎಂದು ಇದಾದ ಮೇಲೆ ಹೇಳಲಾಗದು.

ಎಐ ಯಾಕೆ ಕೆಲವರಿಗೆ ಮುಳುವಾಯಿತು

ಈಗ ಕೆನ್ಯಾದ ಪ್ರಯೋಗಕ್ಕೆ ಬರೋಣ. ವಾಟ್ಸ್‌ಆ್ಯಪ್ ಮಾತುಕತೆಗಳನ್ನು ಓದಿದ ಸಂಶೋಧಕರಿಗೆ ಒಂದು ಸುಳಿವು ಸಿಕ್ಕಿತು. ಹಿಂದುಳಿದಿದ್ದವರು ಕೇಳಿದ ಪ್ರಶ್ನೆಗಳು ಬಹಳ ಕಷ್ಟದವಾಗಿದ್ದವು.

ಇದು ಸಹಜವೇ. ವ್ಯಾಪಾರ ಚೆನ್ನಾಗಿ ನಡೆಯುತ್ತಿರುವವರ ಪ್ರಶ್ನೆ ಚಿಕ್ಕದಾಗಿರುತ್ತದೆ. ಈ ಜಾಹೀರಾತಿನ ಸಾಲು ಚೆನ್ನಾಗಿದೆಯಾ, ಈ ಎರಡರಲ್ಲಿ ಯಾವ ಸರಕು ತರಿಸಲಿ, ಹೀಗೆ. ಕಷ್ಟದಲ್ಲಿರುವವರ ಪ್ರಶ್ನೆ ‘ವ್ಯಾಪಾರ ಬಿದ್ದುಹೋಗುತ್ತಿದೆ, ಏನು ಮಾಡಲಿ’ ಎಂಬುದು. ಇದಕ್ಕೆ ಉತ್ತರ ಹೇಳಬೇಕಾದರೆ ಗಲ್ಲಾಪೆಟ್ಟಿಗೆಯಲ್ಲಿ ಏನಿದೆ, ಮನೆಯಲ್ಲಿ ಯಾವ ಖರ್ಚು ಕಾದಿದೆ, ಪಕ್ಕದವರು ಯಾವ ಬೆಲೆಗೆ ಮಾರುತ್ತಿದ್ದಾರೆ, ಯಾರ ಹಂಗು ಯಾರ ಮೇಲಿದೆ ಎಲ್ಲವೂ ಗೊತ್ತಿರಬೇಕು. ಸಲಹೆಗಾರನಿಗೆ ಇದಾವುದೂ ಗೊತ್ತಿಲ್ಲ. ಹೇಳದೇ ಹೋದರೆ ಗೊತ್ತಾಗುವುದೂ ಇಲ್ಲ. ಆದರೂ ಅದು ಸುಮ್ಮನಿರುವುದಿಲ್ಲ. ನಯವಾದ ಮಾತಿನಲ್ಲಿ ಏಳೆಂಟು ದಾರಿ ತೋರಿಸುತ್ತದೆ.

ಆ ಏಳೆಂಟರಲ್ಲಿ ತನಗೆ ಒಪ್ಪುವುದನ್ನು ಆರಿಸುವುದೇ ನಿಜವಾದ ನಿರ್ಧಾರ. ಬೆಲೆ ಇಳಿಸಿ ಎಂಬ ಸಲಹೆ ಒಬ್ಬರಿಗೆ ಗಿರಾಕಿಗಳನ್ನು ತರಬಹುದು. ಮೊದಲೇ ತೆಳುವಾಗಿದ್ದ ಲಾಭವನ್ನು ಇನ್ನೊಬ್ಬರಿಗೆ ಪೂರ್ತಿ ಅಳಿಸಬಹುದು. ಸಲಹೆ ಪುಕ್ಕಟೆ, ಆದರೆ ಅದನ್ನು ಜರಡಿ ಹಿಡಿಯಲು ಬೇಕಾದ ಗಮನ ಪುಕ್ಕಟೆಯಲ್ಲ. ಅದು ಯಾರ ಬಳಿ ತೀರಾ ಕಮ್ಮಿ ಇದೆಯೋ ಅವರ ಮೇಲೆಯೇ ಹೊಸ ಹೊರೆ ಬಿತ್ತು. ಪೆಟ್ಟು ತಡೆದುಕೊಳ್ಳುವ ಶಕ್ತಿ ಕಮ್ಮಿ ಇರುವವರೂ ಅವರೇ.

ಮುಂದೆ ಏನಾಗಬಹುದು

ತಕ್ಷಣಕ್ಕೆ ಆಗಬಹುದಾದದ್ದು ಅಂತರ ಹೆಚ್ಚುವುದು. ಇಂಥ ಸಲಹೆ ಆ್ಯಪ್‌ಗಳು ಹರಡಿದಂತೆ ಗಟ್ಟಿ ನೆಲದ ಮೇಲಿರುವವರು ಇನ್ನಷ್ಟು ಮುಂದೆ ಹೋಗಬಹುದು. ಆ್ಯಪ್ ಮಾಡಿದವರು ಗೆದ್ದವರ ಕಥೆಗಳನ್ನೇ ತೋರಿಸುತ್ತಾರೆ. ಸೋತವರು ಆ್ಯಪ್ ಅಳಿಸಿ ಸುಮ್ಮನಾಗುತ್ತಾರೆ. ಹಾಗಾಗಿ ಹಾನಿ ಹೊರಗೆ ಕಾಣುವುದು ತಡವಾಗುತ್ತದೆ.

ಸರ್ಕಾರಗಳಿಗೆ ಇನ್ನೊಂದು ಸೆಳೆತ ಹುಟ್ಟಲಿದೆ. ತರಗತಿ ನಡೆಸುವುದು ದುಬಾರಿ, ಆ್ಯಪ್ ಅಗ್ಗ. ತರಬೇತಿಯ ಹಣ ಉಳಿಸಿ ಎಐ ಕೊಡೋಣ ಎಂಬ ಮಾತು ಬಂದೇ ಬರುತ್ತದೆ. ಆಗ ಎಷ್ಟು ಜನ ಡೌನ್‌ಲೋಡ್ ಮಾಡಿದರು ಎಂಬುದೇ ಯಶಸ್ಸಿನ ಅಳತೆಯಾಗುವ ಅಪಾಯವಿದೆ. ಹಿಂದೆ ತರಬೇತಿಗೆ ಎಷ್ಟು ಜನ ಬಂದರು ಎಂದು ಎಣಿಸುತ್ತಿದ್ದ ಹಾಗೆ.

ಆದರೆ ಇದೇ ತಂತ್ರಜ್ಞಾನಕ್ಕೆ ಬೇರೆ ಕೆಲಸವನ್ನೂ ಹಚ್ಚಬಹುದು. ಸಲಹೆ ಕೊಡುವ ಬದಲು ಅದು ಪ್ರಶ್ನೆ ಕೇಳಲಿ. ಈ ವಾರ ಚಿಲ್ಲರೆ ಇಲ್ಲದೆ ಎಷ್ಟು ಗಿರಾಕಿ ವಾಪಸ್ ಹೋದರು? ಯಾರ ಬಾಕಿ ಅವಧಿ ಮೀರಿದೆ? ಮನೆಗೆಂದು ಎಷ್ಟು ತೆಗೆದಿರಿ? ಕೆನ್ಯಾದ ಅಂಗಡಿಗಳಲ್ಲಿ ಫಲ ಕೊಟ್ಟದ್ದು ಇಂಥ ಪ್ರಶ್ನೆಯೇ. ಅಥವಾ ಮಾಲೀಕರ ಕೈಯಿಂದ ಒಂದು ಕೆಲಸವನ್ನೇ ತೆಗೆದುಕೊಳ್ಳಲಿ. ಉದ್ರಿ ಪುಸ್ತಕ ಬರೆಯಲಿ, ಬಾಕಿದಾರರಿಗೆ ನೆನಪಿನ ಸಂದೇಶ ಕಳಿಸಲಿ. ನೈಜೀರಿಯಾದಲ್ಲಿ ಫಲ ಕೊಟ್ಟದ್ದು ಇಂಥ ನೆರವು. ಇವು ಹೇಳಿಕೊಳ್ಳುವಷ್ಟು ಮಿಂಚುವ ಕೆಲಸಗಳಲ್ಲ, ಮಾರಾಟದ ಜಾಹೀರಾತಿಗೂ ಒಗ್ಗುವುದಿಲ್ಲ.

ಕೆನ್ಯಾದ ಪ್ರಯೋಗ ನಡೆದದ್ದು ಜಿಪಿಟಿ-4 ಕಾಲದಲ್ಲಿ. ಆಮೇಲೆ ಬಂದ ಮಾದರಿಗಳು ಇನ್ನೂ ಚುರುಕಾಗಿವೆ, ಮರುಪ್ರಶ್ನೆ ಕೇಳುವುದರಲ್ಲೂ ಸುಧಾರಿಸಿವೆ. ಇದರಿಂದ ಹಿಂದುಳಿದವರ ನಷ್ಟ ತಗ್ಗಬಹುದು. ಆದರೆ ಹಾಗೆ ತಗ್ಗಬೇಕಾದರೆ ಮಾಲೀಕರು ತಮ್ಮ ಗಲ್ಲಾಪೆಟ್ಟಿಗೆ, ಮನೆಯ ಖರ್ಚು, ಬಾಕಿ ಎಲ್ಲವನ್ನೂ ಆ ಯಂತ್ರಕ್ಕೆ ಹೇಳಬೇಕು. ಆ ಆ್ಯಪ್ ಕೊಟ್ಟವರು ಹಲವು ಕಡೆ ಸಾಲ ಕೊಡುವವರೂ ಆಗಿರುತ್ತಾರೆ. ತನ್ನ ಕಷ್ಟವನ್ನು ಪೂರ್ತಿ ಬಿಚ್ಚಿಟ್ಟರೆ ಒಳ್ಳೆಯ ಸಲಹೆ ಸಿಗಬಹುದು, ಮುಂದಿನ ಸಾಲ ಸಿಗದೇ ಹೋಗಲೂಬಹುದು. ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು ಎಂಬುದನ್ನೂ ಇನ್ನು ಅದೇ ಮಾಲೀಕರೇ, ವ್ಯಾಪಾರದ ನಡುವೆಯೇ ತೀರ್ಮಾನಿಸಬೇಕು.